ಪಂಡಿತೆ ರಮಾಬಾಯಿಯವರ ಎರಡನೆಯ ವಿದ್ಯಾಭ್ಯಾಸ

ಆಳಂದ, ಅಫಜಲಪುರ, ಜೇವರ್ಗಿ ಎಂಬೀ ಮೂರು ತಾಲೂಕುಗಳ ಊರುಗಳಿಂದ ನಮ್ಮ ಶಾಲೆಗೆ ಬಂದು ವಿದ್ಯೆ ಕಲಿತು ಹೋದ ಸೋದರಿಯರು ಅನೇಕರುಂಟು. ಅವರಲ್ಲಿ ಕೆಲವರು ಪರೀಕ್ಷೆಗಳನ್ನು ಮುಗಿಸಿ ಉಪಾಧ್ಯಾಯಿನಿಯರೂ ದಾದಿಯರೂ ಆದರು. ಬಹುಮಂದಿಯಾದರೋ ವಿವಾಹವು ಕೂಡಿಬಂದೊಡನೆ ಪುಸ್ತಕಗಳನ್ನು ಗಂಟುಕಟ್ಟಿಟ್ಟು ಸಂಸಾರದ ಭಾರವನ್ನು ಹೊತ್ತರು. ಇಂಥವರು ಮಕ್ಕಳ ಕೈಹಿಡಿದು ಶಾಲೆಯ ಉತ್ಸವಕ್ಕೆ ಬಂದಾಗ, ತಾವು ಒಂದಾನೊಂದು ಕಾಲಕ್ಕೆ ಪದ್ಯ ಕಟ್ಟುತ್ತಿದ್ದುದನ್ನೂ ಚಿತ್ರ ಬರೆಯುತ್ತಿದ್ದುದನ್ನೂ ನೆನೆದು, ಆ ಕಾಲವು ತಿರುಗಿ ಬಾರದೆಂದು ನಿಟ್ಟುಸಿರು ಬಿಡುವದುಂಟು. ಅಂಥ ಸೋದರಿಯರ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇಡತಕ್ಕ ಒಂದು ಜೀವನಚರಿತ್ರೆಯಿದೆ. ಅದು ಪಂಡಿತೆ ರಮಾಬಾಯಿಯವರದು. ಇಪ್ಪತ್ತಾರನೆಯ ವಯಸ್ಸಿನಲ್ಲಿ, ವಿಧವೆಯಾಗಿ, ಒಂದು ಕೂಸಿನ ತಾಯಿಯಾಗಿ, ಪರದೇಶದ ಕಾಲೇಜಿನಲ್ಲಿ ಹುಡುಗಿಯರ ನಡುವೆ ವಿದ್ಯಾರ್ಥಿನಿಯಾಗಿ ಕುಳಿತವರು ಅವರು. ನಲವತ್ತೈದು ದಾಟಿದ ಮೇಲೆ ಮತ್ತೆ ಹೊಸ ಭಾಷೆಗಳ ಅಕ್ಷರಾಭ್ಯಾಸಕ್ಕೆ ತೊಡಗಿದವರೂ ಅವರೇ.

ರಮಾಬಾಯಿಯವರ ಹೆಸರು ಮಹಾರಾಷ್ಟ್ರದೊಡನೆ ಕೂಡಿಕೊಂಡಿರುವದರಿಂದ ಅವರು ಹುಟ್ಟಿದ್ದು ಕನ್ನಡನಾಡಿನಲ್ಲಿ ಎಂಬದನ್ನು ನಮ್ಮಲ್ಲಿ ಹಲವರು ಅರಿಯರು. ತುಂಗೆ, ಭದ್ರೆ, ನೇತ್ರಾವತಿ ಈ ಮೂರು ನದಿಗಳು ಹುಟ್ಟುವ ಗಂಗಾಮೂಲವೆಂಬ ಸಹ್ಯಾದ್ರಿಯ ಅರಣ್ಯದಲ್ಲಿ ೧೮೫೮ನೇ ಇಸವಿ ಏಪ್ರಿಲ್ ೨೩ರಂದು ಅವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಅವರು ತಾರುಣ್ಯದಲ್ಲಿ ಪುಣೆಗೆ ಹೋಗಿ ಶಾಸ್ತ್ರಾಧ್ಯಯನ ಮಾಡುತ್ತಿದ್ದಾಗ, ಅವರ ಗುರುಗಳು ಪೇಶವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡು, ತನ್ನ ಮನೆಯ ಹೆಣ್ಣುಮಕ್ಕಳೂ ಹೀಗೆಯೇ ಓದಬೇಕೆಂದು ಸಂಕಲ್ಪಿಸಿದರು. ಮೊದಲನೆಯ ಪತ್ನಿಯು ಓದಲೊಪ್ಪಲಿಲ್ಲ. ಆಕೆಯು ತೀರಿಹೋದ ಮೇಲೆ ಕೈಹಿಡಿದ ಬಾಲವಧು ಲಕ್ಷ್ಮೀಬಾಯಿಯು ಪತಿಯ ಇಚ್ಛೆಗೆ ಅನುಸಾರವಾಗಿ ಓದಿ ಸಂಸ್ಕೃತದಲ್ಲಿ ಪ್ರವೀಣೆಯಾದಳು. ಸ್ತ್ರೀಗೆ ದೇವಭಾಷೆಯನ್ನು ಕಲಿಸಿದ್ದು ಅಪರಾಧವೆಂದು ಉಡುಪಿಯಲ್ಲಿ ಪಂಡಿತರು ಸಭೆ ಸೇರಿ ಶಾಸ್ತ್ರಿಗಳನ್ನು ವಿಚಾರಿಸಿದಾಗ, ಅವರು ಗ್ರಂಥಗಳಿಂದಲೇ ಆಧಾರಗಳನ್ನು ಎತ್ತಿ ತೋರಿಸಿ ತನ್ನ ಪಕ್ಷವನ್ನು ಸಾಧಿಸಿಕೊಂಡರು. ಬಳಿಕ ಊರ ಗದ್ದಲದಿಂದ ದೂರವಾಗಿ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ಶಿಷ್ಯರಿಗೆ ಅನ್ನವಿಟ್ಟು ಪಾಠ ಹೇಳುತ್ತಿದ್ದರು.

ಅತಿಥಿ ಅಭ್ಯಾಗತರ ಸತ್ಕಾರದಿಂದ ಸಾಲವು ಬೆಳೆದು, ರಮಾಬಾಯಿಯವರು ಆರು ತಿಂಗಳ ಶಿಶುವಾಗಿದ್ದಾಗಲೇ ಈ ಕುಟುಂಬವು ಆ ಮನೆಯನ್ನು ಬಿಟ್ಟು ಯಾತ್ರೆಗೆ ಹೊರಡಬೇಕಾಯಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿದರಂತೆ. ಅಂದಿನಿಂದ ಅವರಿಗೆ ನಿಲ್ಲಲು ಮನೆಯಿಲ್ಲ. ನಮ್ಮ ಗಾಣಗಾಪುರದ ಸಂಗಮದಲ್ಲಿ ಪುರಾಣಿಕರು ಯಾತ್ರಿಕರ ನಡುವೆ ಕುಳಿತು ಗ್ರಂಥ ಬಿಚ್ಚಿ ಓದುವದನ್ನು ನೋಡಿದವರಿಗೆ ಆ ಜೀವನವು ಎಂಥದೆಂದು ವಿವರಿಸಬೇಕಾಗಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವದು, ದೇವಾಲಯದ ಜಗುಲಿಯಲ್ಲಿ ಕುಳಿತು ಪುರಾಣ ಹೇಳುವದು, ಕೇಳುವವರು ಇಟ್ಟ ಕಾಣಿಕೆಯಿಂದ ಹೊಟ್ಟೆ ಹೊರೆಯುವದು. ಇಂಥ ಅಲೆದಾಟದ ನಡುವೆಯೂ ಒಂದು ಕ್ರಮವು ತಪ್ಪಲಿಲ್ಲ. ತಂದೆಯು ಮುದುಕರಾಗಿದ್ದುದರಿಂದ ಮಗಳ ಪಾಠದ ಭಾರವು ತಾಯಿಯದಾಯಿತು. ಹಗಲೆಲ್ಲ ಕೆಲಸವಿರುತ್ತಿದ್ದುದರಿಂದ ತಾಯಿಯು ನಸುಕಿನಲ್ಲಿ, ಹಕ್ಕಿಗಳು ಕೂಗುವ ಹೊತ್ತಿಗೆ, ಮಗಳನ್ನು ಎಬ್ಬಿಸಿ ತೋಳಿನಲ್ಲಿ ಹಿಡಿದುಕೊಂಡು ಶ್ಲೋಕಗಳನ್ನು ಹೇಳಿಕೊಡುವಳು. ಹೀಗೆ ಬಾಯಿಪಾಠದಿಂದಲೇ ಹದಿನೈದು ತುಂಬುವದರೊಳಗೆ ಅಮರಕೋಶ, ವ್ಯಾಕರಣ, ಭಾಗವತದ ೧೮,೦೦೦ ಶ್ಲೋಕಗಳು ಆಕೆಗೆ ವಶವಾದವು. ಮನೆಯಲ್ಲಿ ಮರಾಠಿ, ದಾರಿಯಲ್ಲಿ ಕನ್ನಡ, ಹಿಂದುಸ್ಥಾನಿ. ಶಾಲೆಯ ಮೆಟ್ಟಿಲನ್ನೇ ಹತ್ತದ ಈ ಬಾಲೆಗೆ ಶಬ್ದಗಳೇ ಆಟಿಕೆಗಳಾಗಿದ್ದವು. ಸಂಸ್ಕೃತದಲ್ಲಿ ಆಶುಕವಿತೆ ಕಟ್ಟುವದು ಆಕೆಗೆ ಉಸಿರಾಡಿದಷ್ಟು ಸಹಜವಾಯಿತು. ಇದು ರಮಾಬಾಯಿಯವರ ಮೊದಲನೆಯ ವಿದ್ಯಾಭ್ಯಾಸ.

ಆ ಮೇಲೆ ಬರಗಾಲವು ಬಂದಿತು. ೧೮೭೪ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತಂದೆಯೂ ತಾಯಿಯೂ ಹಸಿವಿನಿಂದ ಬಳಲಿ ತೀರಿಕೊಂಡರು. ತಾಯಿಯು ಮರಣಶಯ್ಯೆಯಲ್ಲಿದ್ದಾಗ ಆಕೆಗಾಗಿ ನೆರೆಮನೆಗೆ ಹೋಗಿ ಬೇಡಲು ಮಗಳಿಗೆ ಬಾಯೇ ಬಾರದೆ, ಆ ಮನೆಯಾಕೆಯು ತಾನಾಗಿ ತಿಳಿದು ಒಂದು ತುಂಡು ಸಜ್ಜೆರೊಟ್ಟಿಯನ್ನು ಕೊಟ್ಟಳು. ಅದನ್ನು ನುಂಗಲು ತಾಯಿಗೆ ಶಕ್ತಿಯಿರಲಿಲ್ಲ. ಚಟ್ಟ ಹೊರಲು ಜನ ಸಾಲದೆ ಮಗಳೇ ಹೆಗಲು ಕೊಡಬೇಕಾಯಿತು. ಮೈಯಿಂದ ಗಿಡ್ಡಳಾದುದರಿಂದ ತಲೆಯ ಮೇಲೆ ಹೊತ್ತಳು. ಅಕ್ಕನೂ ಸ್ವಲ್ಪ ಕಾಲದಲ್ಲಿಯೇ ಹೋದಳು. ಉಳಿದ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿಯವರು ಸಾವಿರಾರು ಮೈಲಿ ಕಾಲ್ನಡೆಯಿಂದ ಉತ್ತರ ಹಿಂದುಸ್ಥಾನವನ್ನು ಸುತ್ತಿ ೧೮೭೮ರಲ್ಲಿ ಕಲಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಈ ಕನ್ಯೆಯು ಕೇಳಿದ ಪ್ರಶ್ನೆಗೆ ಸಂಸ್ಕೃತದಲ್ಲಿ ಥಟ್ಟನೆ ಉತ್ತರ ಹೇಳುವದನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾಗಿ, ಪಂಡಿತೆ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ಸಂಸ್ಕೃತವಿದ್ಯೆಯ ಇಳಿಗತಿಗಾಗಿ ಮರುಗಿ ಅವರು ರಚಿಸಿದ ಪದ್ಯಗಳು ೧೮೮೧ರಲ್ಲಿ ಬರ್ಲಿನ್ ನಗರದಲ್ಲಿ ಕೂಡಿದ ಪ್ರಾಚ್ಯವಿದ್ವಾಂಸರ ಪರಿಷತ್ತಿನ ವರೆಗೂ ಹೋದವು.

ಈ ಕೀರ್ತಿಯ ಬೆನ್ನಲ್ಲಿಯೇ ದುಃಖವೂ ನಡೆದು ಬಂದಿತು. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಲಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. ೧೮೮೧ನೇ ಏಪ್ರಿಲಿನಲ್ಲಿ ಮಗಳು ಮನೋರಮೆಯು ಹುಟ್ಟಿದಳು. ಕೂಸಿಗೆ ವರ್ಷ ತುಂಬುವ ಮೊದಲೇ, ೧೮೮೨ನೇ ಫೆಬ್ರುವರಿಯಲ್ಲಿ, ಪತಿಯು ಕಾಲರಾ ಬೇನೆಗೆ ತುತ್ತಾದರು. ಇಪ್ಪತ್ತಮೂರರ ವಿಧವೆಯು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹೆಣ್ಣುಮಕ್ಕಳಿಗಾಗಿ ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನು ಬರೆದರು. ಅದೇ ವರ್ಷ ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿ, ಈ ದೇಶದ ಸ್ತ್ರೀಯರಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಬೇಕೆಂದು ವಾದಿಸಿದರು. ಆದರೆ ಆ ಸ್ತ್ರೀ ವೈದ್ಯರು ಎಲ್ಲಿಂದ ಬರಬೇಕು? ತಾನೇ ಕಲಿತು ವೈದ್ಯಳಾಗಬೇಕೆಂದು ಅವರು ನಿಶ್ಚಯಿಸಿದರು. ಪುಸ್ತಕದಿಂದ ಬಂದ ಹಣವನ್ನು ಪ್ರಯಾಣಕ್ಕಿಟ್ಟು, ಆಗತಾನೆ ಕಲಿಯತೊಡಗಿದ್ದ ಇಂಗ್ಲೀಷನ್ನು ನಂಬಿ, ಎರಡು ವರ್ಷದ ಮಗಳನ್ನು ಎತ್ತಿಕೊಂಡು ೧೮೮೩ರಲ್ಲಿ ಇಂಗ್ಲೆಂಡಿಗೆ ಹಡಗನ್ನೇರಿದರು.

ಅಲ್ಲಿ ಅವರು ವಾಂಟೇಜ್ ಎಂಬ ಊರಿನಲ್ಲಿ ಕನ್ಯಾಸ್ತ್ರೀಯರ ಮಠದಲ್ಲಿ ಇಳಿದುಕೊಂಡರು. ಇಂಡಿಯಾಕ್ಕೆ ಹೊರಡತಕ್ಕ ಸೋದರಿಯರಿಗೆ ಮರಾಠಿ ಹೇಳಿಕೊಡುವದು, ಅವರಿಂದ ಇಂಗ್ಲೀಷ್ ಕಲಿಯುವದು, ಹೀಗೆ ಕೊಡುಕೊಳ್ಳುವಿಕೆಯಿಂದ ದಿನಗಳು ಸಾಗಿದವು. ಜತೆಯಲ್ಲಿ ಬಂದಿದ್ದ ಗೆಳತಿಯು ಕೆಲವು ತಿಂಗಳಲ್ಲಿಯೇ ಅಲ್ಲಿ ಮರಣ ಹೊಂದಿದಳು. ಆ ವರ್ಷ ಸೆಪ್ಟೆಂಬರ್ ೨೯ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಹೊಂದಿದರು. ಆದರೆ ಯಾವ ಉದ್ದೇಶಕ್ಕಾಗಿ ಸಮುದ್ರವನ್ನು ದಾಟಿದರೋ ಆ ಉದ್ದೇಶವೇ ಮುರಿದುಬಿದ್ದಿತು. ಅವರ ಕಿವಿಗಳು ಮಂದವಾಗುತ್ತಿದ್ದವು. ವೈದ್ಯ ವಿದ್ಯೆಯನ್ನು ಕಲಿಯುವದು ಆ ಕಿವಿಗಳಿಂದ ಸಾಧ್ಯವಲ್ಲವೆಂದು ಗೊತ್ತಾಯಿತು.

ಸೋದರಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಪರದೇಶ, ಪರಭಾಷೆ, ಮಡಿಲಲ್ಲಿ ಕೂಸು, ಕೈಯಲ್ಲಿ ಕಾಸಿಲ್ಲ. ಹುಟ್ಟಿದ ಸಮಾಜವು ಮತಾಂತರಕ್ಕಾಗಿ ಕೋಪಗೊಂಡಿದೆ. ಬಂದ ಕೆಲಸವು ಆಗದು. ಇನ್ನೊಬ್ಬರಾಗಿದ್ದರೆ ಮೂಲೆ ಹಿಡಿಯುತ್ತಿದ್ದರು. ರಮಾಬಾಯಿಯವರು ೧೮೮೪ರಲ್ಲಿ ಚೆಲ್ಟನ್‌ಹ್ಯಾಮಿನ ಲೇಡೀಸ್ ಕಾಲೇಜನ್ನು ಸೇರಿದರು. ಅದರ ಮುಖ್ಯಸ್ಥೆ ಡೊರೊಥಿಯಾ ಬೀಲ್ ಎಂಬವರು ಸ್ತ್ರೀವಿದ್ಯೆಗಾಗಿ ಜೀವ ತೇಯ್ದ ಮಹಾ ಉಪಾಧ್ಯಾಯಿನಿ. ತಮ್ಮ ಕಾಲೇಜಿಗೆ ಬಂದ ಈ ಹೊಸ ವಿದ್ಯಾರ್ಥಿನಿಯು ಒಂದು ವಿಷಯದಲ್ಲಿ ಗುರುವೂ ಉಳಿದವುಗಳಲ್ಲಿ ಶಿಷ್ಯೆಯೂ ಆಗಿರುವದನ್ನು ಅವರು ಕೂಡಲೇ ಕಂಡುಕೊಂಡರು. ಅದಕ್ಕೆ ತಕ್ಕಂತೆ ಏರ್ಪಾಡು ಮಾಡಿದರು. ರಮಾಬಾಯಿಯವರು ಗಣಿತ, ಪ್ರಕೃತಿಶಾಸ್ತ್ರ, ಇಂಗ್ಲೀಷ್ ಸಾಹಿತ್ಯಗಳನ್ನು ಕಲಿಯುವದು. ಬೇಕಾದವರಿಗೆ ಸಂಸ್ಕೃತವನ್ನು ಕಲಿಸುವದು. ಭಾಗವತವನ್ನು ಬಾಯಿಪಾಠ ಹೇಳಬಲ್ಲ ಪಂಡಿತೆಯು ಹೀಗೆ ಪ್ರಾರಂಭದ ಲೆಕ್ಕ ಪಾಠಗಳಿಗೆ ತಲೆಬಾಗಿಸಿ ಕುಳಿತರು. ಬಿರುದುಗಳ ಭಾರವು ಕಲಿಯಲು ಅಡ್ಡಿಯಾಗಗೊಡಲಿಲ್ಲ.

ಈ ಎರಡು ವರ್ಷಗಳಲ್ಲಿ ಅವರಿಗೆ ದೊರೆತ ಲಾಭವು ಯಾವ ಪರೀಕ್ಷೆಯ ಪಟ್ಟಿಯಲ್ಲಿಯೂ ಕಾಣತಕ್ಕದ್ದಲ್ಲ. ಸಾವು, ಬಡತನ, ವಾದವಿವಾದಗಳ ನಡುವೆ ಅವರ ಬಾಲ್ಯದ ಆ ಶಬ್ದಪ್ರೇಮವು ಬೂದಿ ಮುಚ್ಚಿದ ಕೆಂಡದಂತಾಗಿತ್ತು. ಇನ್ನೊಬ್ಬರಿಗೆ ಸಂಸ್ಕೃತ ಕಲಿಸಲು ಕುಳಿತಾಗ, ಹೊಸ ಭಾಷೆಯ ಜಾಡನ್ನು ತಾನು ಹಿಡಿಯಲು ಕುಳಿತಾಗ, ಆ ಕೆಂಡವು ಪುನಃ ಉರಿಯಿತು. ತಾಯಿಯು ನಸುಕಿನಲ್ಲಿ ಕೊಟ್ಟ ವಿದ್ಯೆಯು ಕಳೆದುಹೋಗಿರಲಿಲ್ಲ. ಈ ವಿದ್ಯಾರ್ಥಿನಿಯು ಮೆತ್ತಗಿನ ಸ್ವಭಾವದವಳೆಂದೂ ತಿಳಿಯಬೇಡಿರಿ. ಗಂಡಸರಿಗೆ ಪಾಠ ಹೇಳುವದು ಈಕೆಗೆ ತಕ್ಕದ್ದಲ್ಲವೆಂದು ಇಂಡಿಯಾದಲ್ಲಿದ್ದ ಬಿಷಪರು ಆಕ್ಷೇಪಿಸಿದಾಗ ರಮಾಬಾಯಿಯವರು ಅದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಧರ್ಮದ ವಿಷಯದಲ್ಲಿಯೂ ತನ್ನ ಬುದ್ಧಿಯಿಂದ ಶೋಧಿಸಿ ನೋಡದೆ ಯಾವದನ್ನೂ ಸ್ವೀಕರಿಸೆನೆಂದು ಗುರುಗಳೊಡನೆ ದೀರ್ಘವಾಗಿ ವಾದಿಸಿದರು. ಅನಂತಶಾಸ್ತ್ರಿಗಳ ಮಗಳಲ್ಲವೇ!

ಅಮೇರಿಕೆಯಲ್ಲಿ ವೈದ್ಯವಿದ್ಯೆಯನ್ನು ಮುಗಿಸಿದ ಆನಂದಿಬಾಯಿ ಜೋಶಿಯವರ ಪದವೀದಾನಕ್ಕಾಗಿ ೧೮೮೬ರಲ್ಲಿ ಅವರು ಫಿಲಡೆಲ್ಫಿಯಾಕ್ಕೆ ಹೋದರು. ತಾನು ಪಡೆಯಲಾಗದ ಪದವಿಯನ್ನು ಮತ್ತೊಬ್ಬ ಸೋದರಿಯು ಪಡೆಯುವದನ್ನು ಕಣ್ಣಾರೆ ಕಂಡು ಸಂತೋಷಪಟ್ಟರು. ಆ ದೇಶದಲ್ಲಿ ಚಿಕ್ಕ ಮಕ್ಕಳಿಗೆ ಆಟಪಾಟಗಳಿಂದ ಕಲಿಸುವ ಫ್ರೋಬೆಲ್ಲನ ಪದ್ಧತಿಯನ್ನು ನೋಡಿದೊಡನೆ ಅದನ್ನು ಕಲಿಯಲು ಮತ್ತೆ ವಿದ್ಯಾರ್ಥಿನಿಯಾದರು. ಮರಾಠಿ ಮಕ್ಕಳಿಗಾಗಿ ಚಿತ್ರಗಳುಳ್ಳ ಪಾಠಪುಸ್ತಕಗಳನ್ನು ಸಿದ್ಧಪಡಿಸತೊಡಗಿದರು. ೧೮೮೭ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲೀಷಿನಲ್ಲಿ ಪುಸ್ತಕ ಬರೆದು ಅದನ್ನು ತಾಯಿಯ ನೆನಪಿಗೆ ಅರ್ಪಿಸಿದರು. ನಾಲ್ಕೈದು ವರ್ಷಗಳ ಹಿಂದೆ ಕಲಿಯತೊಡಗಿದ ಭಾಷೆಯಲ್ಲಿ ಬರೆದ ಆ ಗ್ರಂಥವು ದೇಶದೇಶಗಳಲ್ಲಿ ಓದಲ್ಪಟ್ಟಿತು. ಅದರಿಂದಲೂ ಅವರ ಭಾಷಣಗಳಿಂದಲೂ ಕೂಡಿಬಂದ ಸಹಾಯದಿಂದ ೧೮೮೯ನೇ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವೆಂಬ ವಿದ್ಯಾಲಯವು ವಿಧವೆಯರಿಗಾಗಿ ತೆರೆಯಲ್ಪಟ್ಟಿತು. ಮರುವರ್ಷ ಅದು ಪುಣೆಗೆ ಹೋಯಿತು.

ಕಾಲೇಜಿನಲ್ಲಿ ತಾನು ವಯಸ್ಸಿಗೆ ನಾಚದೆ ಕುಳಿತುದರಿಂದಲೇ, ವಯಸ್ಸು ಮೀರಿದವರ ಸಂಕೋಚವು ಅವರಿಗೆ ಗೊತ್ತಿತ್ತು. ಸದನದ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯು ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಇಪ್ಪತ್ತು ದಾಟಿದ ಮೇಲೆ ಅಕ್ಷರ ಕಲಿಯಲು ಬಂದವಳು. ಈಕೆಯೇ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದು, ಮುಂದೆ ಸ್ತ್ರೀವಿದ್ಯಾಪೀಠವನ್ನು ಕಟ್ಟಿದ ಆ ಮಹನೀಯರಿಗೆ ಬಾಳಸಂಗಾತಿಯಾದಳು. ಅದೇ ವರ್ಷ, ಸದನದಲ್ಲಿ ಮತಪ್ರಚಾರವಾಗುತ್ತಿದೆಯೆಂಬ ವಿವಾದವೆದ್ದು, ಬೆಂಬಲವಾಗಿದ್ದ ಹಿಂದೂ ಮುಖಂಡರು ದೂರವಾದರು; ಹಲವು ಹುಡುಗಿಯರನ್ನು ಮನೆಯವರು ಕರೆದೊಯ್ದರು. ರಮಾಬಾಯಿಯವರಿಗೆ ಇದು ದೊಡ್ಡ ನೋವಾಯಿತು. ಆದರೂ ಕೆಲಸವನ್ನು ನಿಲ್ಲಿಸಲಿಲ್ಲ. ೧೮೯೬ರ ಮಹಾ ಬರಗಾಲವು ಮಧ್ಯಪ್ರಾಂತಗಳಲ್ಲಿ ಹಬ್ಬಿದಾಗ ಅಲ್ಲಿಗೆ ತಾನೇ ಹೋಗಿ ನೂರಾರು ಅನಾಥ ಬಾಲೆಯರನ್ನು ಕರೆತಂದು ಪುಣೆಯ ಆಚೆಗಿನ ಕೇಡಗಾಂವಿನಲ್ಲಿ ಇಳಿಸಿದರು. ಹಸಿದ ತಾಯಿಗೆ ರೊಟ್ಟಿ ಬೇಡಲಾರದೆ ನಿಂತ ಹುಡುಗಿಯೇ ಈಗ ಸಾವಿರಕ್ಕೂ ಮಿಕ್ಕಿದ ಮಕ್ಕಳಿಗೆ ಅನ್ನವಿಟ್ಟಳು. ಆ ಸ್ಥಳಕ್ಕೆ ಮುಕ್ತಿ ಎಂದು ಹೆಸರಾಯಿತು.

ಮುಕ್ತಿಯ ಹೆಣ್ಣುಮಕ್ಕಳಿಗೆ ಓದು ಬಂದ ಮೇಲೆ ಒಂದು ಕೊರತೆಯು ರಮಾಬಾಯಿಯವರ ಕಣ್ಣಿಗೆ ಬಿತ್ತು. ಆಗ ಬಳಕೆಯಲ್ಲಿದ್ದ ಮರಾಠಿ ಸತ್ಯವೇದದಲ್ಲಿ ಸಂಸ್ಕೃತ ಶಬ್ದಗಳು ತುಂಬಿದ್ದು, ಹಳ್ಳಿಯ ಬಡ ಹೆಂಗಸಿಗೆ ಅರ್ಥವಾಗುತ್ತಿರಲಿಲ್ಲ. ಅದನ್ನು ಸುಲಭ ಮಾತಿನಲ್ಲಿ ಹೊಸದಾಗಿ ಭಾಷಾಂತರಿಸಬೇಕೆಂದು ೧೯೦೫ರ ಸುಮಾರಿಗೆ ತೊಡಗಿದರು. ಇಂಗ್ಲೀಷಿನಿಂದ ಮಾಡಿದ್ದರೆ ಕೆಲಸವು ಬೇಗ ಮುಗಿಯುತ್ತಿತ್ತು. ಮೂಲವನ್ನು ನೋಡದೆ ಬರೆಯಲು ಅವರ ಮನಸ್ಸು ಒಪ್ಪಲಿಲ್ಲ. ಆದಕಾರಣ ನಲವತ್ತೈದು ಮೀರಿದ ವಯಸ್ಸಿನಲ್ಲಿ, ಪೂರಾ ಮಂದವಾಗುತ್ತಿದ್ದ ಕಿವಿಗಳೊಡನೆ, ಆಶ್ರಮದ ಸಾವಿರ ತೊಂದರೆಗಳ ನಡುವೆ, ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ಅಭ್ಯಾಸದಲ್ಲಿ ಮುಳುಗಿದರು. ತನ್ನಂತೆ ಕಲಿಯುವವರಿಗಾಗಿ ಹೀಬ್ರೂ ವ್ಯಾಕರಣವನ್ನೂ ಮರಾಠಿಯಲ್ಲಿ ರಚಿಸಿದರು. ಒಂದೊಂದು ಶಬ್ದವನ್ನೂ ತೂಗಿ, ಅದಕ್ಕೆ ಹೊಲದಲ್ಲಿಯೂ ಒಲೆಯ ಮುಂದೆಯೂ ಆಡುವ ಮಾತನ್ನು ಹುಡುಕಿ ಇಡುವದು ಅವರ ನಿತ್ಯದ ಕೆಲಸವಾಯಿತು. ಅಕ್ಷರಗಳನ್ನು ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಹೆಣ್ಣುಮಕ್ಕಳೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಯಾವಾಕೆಯು ತಾರುಣ್ಯದಲ್ಲಿ ಪಂಡಿತರನ್ನು ಮೆಚ್ಚಿಸುವ ಸಂಸ್ಕೃತ ಪದ್ಯಗಳನ್ನು ಕಟ್ಟಿದಳೋ, ಆಕೆಯೇ ಪ್ರೌಢವಯಸ್ಸಿನಲ್ಲಿ ಅದೇ ಶಬ್ದಜ್ಞಾನವನ್ನು ಓದುಬಾರದವರಿಗೆ ತಿಳಿಯುವ ಮಾತನ್ನು ಆರಿಸುವದಕ್ಕೆ ಉಪಯೋಗಿಸಿದಳು. ಕಲೆಯು ಅದೇ, ಕೇಳುವವರು ಬೇರೆಯಾದರು. ಸಂಸ್ಕೃತವನ್ನು ಅಷ್ಟು ಚೆನ್ನಾಗಿ ಬಲ್ಲವಳಾದುದರಿಂದಲೇ ಎಲ್ಲಿ ಅದನ್ನು ಬಿಡಬೇಕೆಂಬದು ಆಕೆಗೆ ತಿಳಿಯಿತು.

ಈ ಚರಿತ್ರೆಯು ನಮ್ಮ ಸೀಮೆಯನ್ನು ಮುಟ್ಟುವದು ಮಗಳ ಮೂಲಕ. ಮನೋರಮೆಯು ಅಮೇರಿಕೆಯಲ್ಲಿ ಓದಿ ಬಂದು, ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದು, ಶಾರದಾ ಸದನದ ಮುಖ್ಯಸ್ಥೆಯಾಗಿ ತಾಯಿಗೆ ಬಲಗೈಯಾಗಿದ್ದಳು. ತಾಯಿ ಮಗಳು ಕೂಡಿ ೧೯೧೨ರ ಸುಮಾರಿಗೆ ಆಗಿನ ನಿಜಾಮ ಸಂಸ್ಥಾನದ ಗುಲಬರ್ಗೆಯಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಗುಲಬರ್ಗೆಯೂ ಗಾಣಗಾಪುರ ರೋಡ್ ಸ್ಟೇಷನ್ನೂ ಕೇಡಗಾಂವವೂ ಒಂದೇ ರೈಲುದಾರಿಯಲ್ಲಿವೆ. ಕೇಡಗಾಂವಿನ ಸಮೀಪದ ದೌಂಡಿನ ಬಳಿ ಹರಿಯುವ ಭೀಮೆಯೇ ಕೆಳಗೆ ಬಂದು ಅಫಜಲಪುರ, ಜೇವರ್ಗಿಗಳ ಹೊಲಗಳನ್ನು ಮುಟ್ಟುತ್ತದೆ. ಕನ್ನಡನಾಡಿನ ಬೆಟ್ಟದಿಂದ ಬುಟ್ಟಿಯಲ್ಲಿ ಇಳಿದುಹೋದ ಕೂಸು ಅರ್ಧ ಶತಮಾನದ ಮೇಲೆ ಕನ್ನಡನಾಡಿನ ಬಯಲಿಗೆ ವಿದ್ಯೆಯನ್ನು ತಂದುಕೊಟ್ಟಿತು.

ಕಡೆಯ ವರ್ಷಗಳು ಕಷ್ಟದವಾಗಿದ್ದವು. ೧೯೧೯ರಲ್ಲಿ ಸರಕಾರವು ಕೈಸರ್-ಎ-ಹಿಂದ್ ಪದಕವನ್ನು ಕೊಟ್ಟಿತು. ಆದರೆ ಶರೀರವು ಸೋತಿತ್ತು. ತನ್ನ ಬಳಿಕ ಮುಕ್ತಿಯನ್ನು ನಡೆಸಬೇಕೆಂದು ನೇಮಿಸಿದ್ದ ಮಗಳು ೧೯೨೧ನೇ ಜುಲೈಯಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ತಾಯಿಗಿಂತ ಮುಂಚೆಯೇ ಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕಡೆಗೆ ಮಗಳು. ಎಲ್ಲರನ್ನೂ ಕಳುಹಿಸಿಕೊಟ್ಟು ಆ ವೃದ್ಧೆಯು ಮತ್ತೆ ಮೇಜಿನ ಮುಂದೆ ಕುಳಿತು ಕರಡುಗಳನ್ನು ತಿದ್ದಿದರು. ಆ ಕೆಲಸವು ಮುಗಿಯುವ ವರೆಗೆ ಆಯುಸ್ಸನ್ನು ಕೊಡಬೇಕೆಂದು ದೇವರನ್ನು ಬೇಡಿಕೊಂಡಿದ್ದರೆಂದು ಹೇಳುತ್ತಾರೆ. ೧೯೨೨ನೇ ಏಪ್ರಿಲ್ ೫ರಂದು ಅವರು ನಿದ್ರೆಹೋದರು. ಸಂಪೂರ್ಣ ಗ್ರಂಥವು ೧೯೨೪ರಲ್ಲಿ ಹೊರಬಿದ್ದಿತು. ಸಮಸ್ತ ಸತ್ಯವೇದವನ್ನು ಮೂಲಭಾಷೆಗಳಿಂದ ಒಬ್ಬ ಸ್ತ್ರೀಯು ತನ್ನ ನುಡಿಗೆ ತಂದ ಉದಾಹರಣೆಯು ಲೋಕದಲ್ಲಿ ಅತಿ ವಿರಳ. ೧೯೮೯ರಲ್ಲಿ ಭಾರತ ಸರಕಾರವು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮುಕ್ತಿಯು ಇಂದಿಗೂ ನಡೆಯುತ್ತಿದೆ.

ಪ್ರಿಯ ಸೋದರಿಯರೇ, ರಮಾಬಾಯಿಯವರು ಅಸಾಧಾರಣ ಬುದ್ಧಿಶಾಲಿನಿ. ನಮ್ಮಂಥವರಿಗೂ ಅವರಿಗೂ ಏನು ಹೋಲಿಕೆಯೆಂದು ಕೇಳಬಹುದು. ಬುದ್ಧಿಯಲ್ಲಿ ಹೋಲಿಕೆಯಿಲ್ಲದಿರಬಹುದು, ಅಡ್ಡಿಗಳಲ್ಲಿ ಹೋಲಿಕೆಯುಂಟು. ಸಾಲ, ಸಾವು, ಸಂಸಾರ, ರೋಗ, ಜನರ ಮಾತು, ಇವೇ ಅವರ ದಾರಿಯಲ್ಲಿಯೂ ಇದ್ದವು. ಕಲಿಯಬೇಕೆಂದ ವಿದ್ಯೆಯ ಬಾಗಿಲು ಮುಚ್ಚಿದಾಗ ಅವರು ಪಕ್ಕದ ಬಾಗಿಲನ್ನು ತಟ್ಟಿದರು. ಅಲ್ಲಿ ತನ್ನ ಬಾಲ್ಯದ ಧನವೇ ಕಾದುಕೊಂಡಿರುವದನ್ನು ಕಂಡರು. ನೀವು ಗಂಟುಕಟ್ಟಿಟ್ಟ ಪುಸ್ತಕವೂ, ಅರ್ಧಕ್ಕೆ ನಿಂತ ಪದ್ಯವೂ, ಬಣ್ಣ ಒಣಗಿದ ಕುಂಚವೂ ಹಾಗೆಯೇ ಕಾದಿರಬಹುದು. ಅದನ್ನು ಬಿಚ್ಚಿ ನೋಡಲು ಈ ಶಾಲೆಯ ನೆನಪು ಪ್ರೇರಣೆಯಾಗಲಿ.

ತಾಯಿತಂದೆಗಳಲ್ಲಿಯೂ ಒಂದು ಬಿನ್ನಹವಿದೆ. ಈ ಮಹಾಸ್ತ್ರೀಯ ಜೀವನವೆಲ್ಲವೂ ನಸುಕಿನಲ್ಲಿ ಮಗಳನ್ನು ಎಬ್ಬಿಸಿದ ಒಬ್ಬ ತಾಯಿಯ ಪಾಠದಿಂದ ಹುಟ್ಟಿತು. ನಿಮ್ಮ ಹೆಣ್ಣುಮಕ್ಕಳಿಗೆ ನೀವು ಇಂದು ಕೊಡುವ ವಿದ್ಯೆಯು ನಾಳೆಯೇ ಫಲ ಕೊಡದಿರಬಹುದು. ಮದುವೆಯ ಮನೆಯಲ್ಲಿ ಮರೆತಂತೆಯೂ ತೋರಬಹುದು. ಅದು ನಷ್ಟವಾಯಿತೆಂದು ತಿಳಿಯಬೇಡಿರಿ. ಮಗಳು, ಸೊಸೆ, ಹೆಂಡತಿ ಯಾರೇ ಆಗಲಿ, ವಯಸ್ಸಾದ ಮೇಲೆ ಮತ್ತೆ ಓದಲು ಮನಸ್ಸು ಮಾಡಿದರೆ ನಗದೆ ದಾರಿ ಮಾಡಿಕೊಡಿರಿ. ಮಳೆಗಾಗಿ ವರ್ಷಗಳ ವರೆಗೆ ಕಾದ ನಮ್ಮ ಕರಿನೆಲವನ್ನು ಬಲ್ಲವರಿಗೆ, ಬೀಜವು ನೆಲದಲ್ಲಿ ಎಷ್ಟು ಕಾಲ ಜೀವ ಹಿಡಿದಿರಬಲ್ಲದೆಂಬದನ್ನು ಹೇಳಿಕೊಡಬೇಕಾಗಿಲ್ಲ. ದೇವರು ಆ ಬೀಜವನ್ನು ಬೆಳೆಸಲಿ.